ಬ್ಯಾಟರಿಯ ಮೇಲೆ ಎಲ್‌ಇಡಿ ಮ್ಯಾಟ್ರಿಕ್ಸ್: ನನ್ನ ಅನುಭವ

ಗುಂಡಿ ಒತ್ತಿದಾಗ ಕೋಣೆಯ ಉಷ್ಣಾಂಶವನ್ನು ಐದು ಸೆಕೆಂಡ್ ತೋರಿಸಿ ಮತ್ತೆ ನಿದ್ರೆಗೆ ಜಾರುವ ಪುಟ್ಟ ಸಾಧನವೊಂದನ್ನು, ಮರುಚಾರ್ಜ್ ಮಾಡಬಹುದಾದ ನಾಲ್ಕು ಸೆಲ್‌ಗಳ ಮೇಲೆ ತಿಂಗಳುಗಟ್ಟಲೆ ನಡೆಸಬೇಕೆಂಬುದು ನನ್ನ ಆಸೆಯಾಗಿತ್ತು. ಇದಕ್ಕೆ ಮ್ಯಾಕ್ಸ್7219 ಚಿಪ್ ಇರುವ 8×8 ಚುಕ್ಕಿಗಳ ಕೆಂಪು ಮ್ಯಾಟ್ರಿಕ್ಸನ್ನು ಆರಿಸಿಕೊಂಡೆ. ಸಾಲುಗಳನ್ನು ಒಂದಾದ ಮೇಲೊಂದು ಬೆಳಗಿಸುವ ಕೆಲಸವನ್ನು ಚಿಪ್ಪೇ ನೋಡಿಕೊಳ್ಳುವುದರಿಂದ, ಮೂರು ತಂತಿಗಳಲ್ಲಿ ಮಾಹಿತಿ ಕಳುಹಿಸಿದ ಮೇಲೆ ಸಾಧನವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಅಂದರೆ ಮೈಕ್ರೊಕಂಟ್ರೋಲರ್, ನಿಶ್ಚಿಂತೆಯಿಂದ ಮಲಗಬಹುದು.

ಮೊದಲ ಪ್ರಯತ್ನದಲ್ಲಿ ಸೆಲ್‌ಗಳು ಎರಡೇ ದಿನಗಳಲ್ಲಿ ಬರಿದಾದವು. ನಾನು ಬಳಸಿದ್ದ ಆರ್ಡುಯಿನೊ ಊನೊ ಎಂಬ ಸಿದ್ಧ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಮುಖ್ಯ ಚಿಪ್ ಮಲಗಿದರೂ ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಪವರ್ ದೀಪ ಇವೆಲ್ಲ ಎಚ್ಚರವಾಗಿಯೇ ಇರುತ್ತವೆ. ಆದ್ದರಿಂದ ಬೋರ್ಡನ್ನು ಬಿಟ್ಟು, 8 ಮೆಗಾಹರ್ಟ್ಸ್ ಆಂತರಿಕ ಗಡಿಯಾರದಲ್ಲಿ ನಡೆಯುವ ಬರಿಯ ಎಟಿಮೆಗಾ328ಪಿಗೆ, ಅಂದರೆ ಆ ಬೋರ್ಡಿನ ಮುಖ್ಯ ಚಿಪ್ಪಿಗಷ್ಟೇ, ಬಂದೆ.

ಎರಡನೆಯ ತಪ್ಪು ನನ್ನ ಕೋಡಿನಲ್ಲಿತ್ತು. ತೆರೆಯನ್ನು ಆರಿಸಲು ಎಂಟೂ ಸಾಲುಗಳಿಗೆ ಸೊನ್ನೆ ಬರೆಯುತ್ತಿದ್ದೆ. ಚುಕ್ಕಿಗಳು ಆರಿದರೂ ಚಿಪ್ ಸ್ಕ್ಯಾನ್ ಮಾಡುತ್ತಲೇ ಇದ್ದು, ಕೆಲವು ಮಿಲಿಆಂಪಿಯರ್ ಎಳೆಯುತ್ತದೆ. ತಯಾರಕರ ವಿವರಪತ್ರವಾದ ಡೇಟಾಶೀಟ್ ಹೇಳುವ ಗರಿಷ್ಠ 8 ಮಿಲಿಆಂಪಿಯರ್. ಚಿಪ್ಪಿನೊಳಗೆ ಹೊಂದಿಕೆಗಳನ್ನು ಬರೆದಿಡುವ ಜಾಗಗಳಾದ ರಿಜಿಸ್ಟರ್‌ಗಳಲ್ಲಿ ಹನ್ನೆರಡನೆಯದಕ್ಕೆ ಸೊನ್ನೆ ಬರೆದು ಅದನ್ನು ಶಟ್‌ಡೌನ್‌ಗೆ, ಅಂದರೆ ನಿದ್ರಾಸ್ಥಿತಿಗೆ, ಕಳುಹಿಸಿದರೆ ಅದು ಗರಿಷ್ಠ 150 ಮೈಕ್ರೊಆಂಪಿಯರ್‌ಗೆ ಇಳಿಯುತ್ತದೆ. ಬರೆದಿಟ್ಟ ಚಿತ್ರ ಅಳಿಯುವುದಿಲ್ಲ, ಮರಳಿ ಎಚ್ಚರಗೊಳ್ಳಲು 250 ಮೈಕ್ರೊಸೆಕೆಂಡ್‌ಗಿಂತ ಕಡಿಮೆ ಸಮಯ ಸಾಕು. ಮಲಗುವ ಮುನ್ನ ಮೂರೂ ತಂತಿಗಳನ್ನು ಅತಂತ್ರವಾಗಿ ತೇಲಲು ಬಿಡದೆ ಪೂರ್ಣ ಸೊನ್ನೆಗೆ ಅಥವಾ ಪೂರ್ಣ ವೋಲ್ಟೇಜಿಗೆ ನಿಲ್ಲಿಸುವುದು ಅಗತ್ಯ. ಇಲ್ಲದಿದ್ದರೆ ಈ ಉಳಿತಾಯ ಪೂರ್ತಿ ಸಿಗುವುದಿಲ್ಲ.

ಹೊಳಪಿನ ವಿಷಯದಲ್ಲಿ ಬಹಳ ಜನ ಹದಿನಾರು ಹಂತಗಳ ತೀವ್ರತೆಯ ರಿಜಿಸ್ಟರಿಗೇ ಕೈಹಾಕುತ್ತಾರೆ. ಅದು ಬದಲಿಸುವುದು ಚುಕ್ಕಿ ಬೆಳಗುವ ಕಾಲಾವಧಿಯನ್ನು ಮಾತ್ರ. ಬೆಳಗಿದ ಕ್ಷಣದ ಪ್ರವಾಹವನ್ನು ನಿರ್ಧರಿಸುವುದು ಚಿಪ್ಪಿನ ಪಕ್ಕದ ಒಂದೇ ಒಂದು ರೆಸಿಸ್ಟರ್. ನನ್ನ ಮಾಡ್ಯೂಲಿನಲ್ಲಿ ಅದು 10 ಕಿಲೊಓಮ್ ಇದ್ದು, ಪ್ರತಿ ಚುಕ್ಕಿಗೆ 40 ಮಿಲಿಆಂಪಿಯರ್‌ಗೂ ಹೆಚ್ಚಿನ ಪ್ರವಾಹಕ್ಕೆ ದಾರಿ ಮಾಡಿತ್ತು. ಅದನ್ನು ಬಿಡಿಸಿ 68 ಕಿಲೊಓಮ್ ಬೆಸುಗೆ ಹಾಕಿದ ಮೇಲೆ ಅದು ಸುಮಾರು 10 ಮಿಲಿಆಂಪಿಯರ್‌ಗೆ ಬಂತು. ಮನೆಯೊಳಗೆ ಓದಲು ಈ ಬೆಳಕು ಧಾರಾಳವಾಗಿ ಸಾಕು. ಅಕ್ಷರವಿನ್ಯಾಸವೂ ಲೆಕ್ಕಕ್ಕೆ ಬರುತ್ತದೆ: 3×5 ಚುಕ್ಕಿಗಳ ಅಂಕಿಗಳಲ್ಲಿ 8ಕ್ಕೆ 13 ಚುಕ್ಕಿ ಬೇಕು, ನೇರ ಗೆರೆಯ 1ಕ್ಕೆ ಐದೇ ಸಾಕು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ತೊಂದರೆ. ಒಂದು ಬೆಳಿಗ್ಗೆ ನೋಡಿದರೆ ಅರವತ್ತನಾಲ್ಕೂ ಚುಕ್ಕಿಗಳು ಪೂರ್ಣ ಪ್ರಖರತೆಯಲ್ಲಿ ಉರಿಯುತ್ತಿದ್ದವು. ವಿದ್ಯುತ್ ಮಾರ್ಗದ ಗದ್ದಲದಿಂದ ಚಿಪ್ ತಾನಾಗಿ ಎಲ್ಲ ಚುಕ್ಕಿಗಳನ್ನೂ ಬೆಳಗಿಸುವ ಪರೀಕ್ಷಾ ಸ್ಥಿತಿಗೆ ಹೋಗಿತ್ತು, ಆ ಸ್ಥಿತಿ ಶಟ್‌ಡೌನನ್ನೂ ಮೀರುತ್ತದೆ. ಆಗ 10 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗಳನ್ನು ಚಿಪ್ಪಿನ ಕಾಲಿಗೆ ತಾಗಿದಂತೆ ಜೋಡಿಸಿದೆ. ಜೊತೆಗೆ ಮಲಗುವ ಮುನ್ನವೂ ಎದ್ದ ಕೂಡಲೂ ಪರೀಕ್ಷಾ ಸ್ಥಿತಿಯನ್ನು ನಿಯಂತ್ರಿಸುವ ಹದಿನೈದನೆಯ ರಿಜಿಸ್ಟರಿಗೆ ಸೊನ್ನೆ ಬರೆಯುವ, ಡಿಕೋಡ್, ಸಾಲುಗಳ ಮಿತಿ, ತೀವ್ರತೆ ಎಂಬ ಚಿಪ್ಪಿನ ಇತರ ಹೊಂದಿಕೆಗಳನ್ನೆಲ್ಲ ಹೊಸದಾಗಿ ತುಂಬುವ ಆದೇಶಗಳನ್ನು ಕೋಡಿಗೆ ಸೇರಿಸಿದೆ. ಅಲ್ಲಿಂದೀಚೆಗೆ ಅದು ಮರುಕಳಿಸಿಲ್ಲ.

ಮ್ಯಾಕ್ಸ್7219 ಚಿಪ್ಪಿಗೆ ಕನಿಷ್ಠ 4 ವೋಲ್ಟ್ ಬೇಕು, ಮತ್ತು 5 ವೋಲ್ಟಿನಲ್ಲಿ ನಡೆಯುವಾಗ 3.5ಕ್ಕಿಂತ ಕಡಿಮೆಯ ಸಂಕೇತವನ್ನು ಅದು ‘ಒಂದು’ ಎಂದು ಖಚಿತವಾಗಿ ಗುರುತಿಸುವುದಿಲ್ಲ. ಹಾಗಾಗಿ 3.3 ವೋಲ್ಟಿನ ಬೋರ್ಡ್ ಬಳಸುವವರು ನಡುವೆ ಸಂಕೇತದ ವೋಲ್ಟೇಜನ್ನು ಏರಿಸಿಕೊಡುವ 74ಎಚ್‌ಸಿಟಿ125ರಂಥ ಬಫರ್ ಚಿಪ್ ಇಡಬೇಕಾಗುತ್ತದೆ. ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ತಲಾ 1 ವೋಲ್ಟಿಗೆ ಇಳಿದು ಮುಗಿಯುವ ಹೊತ್ತಿಗೇ ಚಿಪ್ಪಿನ ಕೆಳಮಿತಿಯೂ ಬರುತ್ತದೆ. ಆ ಸೆಲ್‌ಗಳನ್ನೇ ನಾನು ಆರಿಸಿಕೊಂಡದ್ದು ಈ ಹೊಂದಾಣಿಕೆಗಾಗಿ.