ಪ್ರಭುಭೋಜನದ ಆರಾಧನೆ: ಹೊಸಬರೂ ತಡವರಿಸದಂತೆ ಯೋಜಿಸುವ ಬಗೆ

ಯೇಸುವಿನ ಕಡೆಯ ಭೋಜನವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಆರಾಧನೆಗೆ ಹೊಸದಾಗಿ ಬಂದವರಿಗೆ ಮುಜುಗರವಾಗುವುದು ಪ್ರಸಂಗದ ಹೊತ್ತಿನಲ್ಲಲ್ಲ, ಮುಂದಿನ ಸಾಲು ಎದ್ದು ಹೊರಟಾಗ. ನಾನೂ ಹೋಗಬೇಕೇ? ಕೈ ಹೇಗೆ ಚಾಚಬೇಕು? ರೊಟ್ಟಿಯನ್ನು ಅಲ್ಲೇ ತಿನ್ನಬೇಕೋ, ಜಾಗಕ್ಕೆ ತರಬೇಕೋ? ಇದು ಗೊತ್ತಾಗದೆ ಕುಳಿತವರಿಗೆ ಬಾಗಿಲಲ್ಲಿ ಎಷ್ಟು ನಗುಮುಖ ತೋರಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಯೋಜನೆಯನ್ನು ಹಂಚುವ ಗಳಿಗೆಯಿಂದ ಶುರುಮಾಡಿ. ಹಾಡು, ಅಲಂಕಾರ ಆಮೇಲೆ ಬರಲಿ.

ಅದಕ್ಕೂ ಮುಂಚೆ ನಿಮ್ಮ ಸಭೆಯ (ಚರ್ಚಿನ) ಕಟ್ಟಳೆ ಎಲ್ಲಿಯವರೆಗೆ ಬಿಡುತ್ತದೆ ಎಂದು ಸಭಾಪಾಲಕರನ್ನೋ ಗುರುಗಳನ್ನೋ ಕೇಳಿಕೊಳ್ಳಿ. ಕಥೋಲಿಕ ಸಭೆಯಲ್ಲಿ ರೊಟ್ಟಿ ಗೋಧಿಯದ್ದೇ ಆಗಿರಬೇಕು, ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಬಂದಿರಬೇಕು. ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಮಾನ್ಯವಾಗಿ ಹುಳಿ ಬರಿಸಿದ ರೊಟ್ಟಿ. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಸಭೆಗಳು ಬಹಳಷ್ಟು ಕಡೆ ಹುದುಗದ ರಸವನ್ನೇ ಬಳಸುತ್ತವೆ. 1869ರಲ್ಲಿ ಥಾಮಸ್ ವೆಲ್ಚ್ ದ್ರಾಕ್ಷಿರಸವನ್ನು ಕಾಯಿಸಿ ಹುದುಗದಂತೆ ಇಡುವ ಕ್ರಮ ಕಂಡುಕೊಂಡದ್ದೇ ಇದಕ್ಕಾಗಿ. ಯಾರು ಸ್ವೀಕರಿಸಬಹುದು ಎಂಬುದರಲ್ಲೂ ಸಭೆಯಿಂದ ಸಭೆಗೆ ವ್ಯತ್ಯಾಸವಿದೆ. ಕಡೆಯ ಭೋಜನದಲ್ಲಿ ಯೇಸು ಹೇಳಿದ ಸಂಸ್ಥಾಪನೆಯ ಮಾತುಗಳನ್ನು (1 ಕೊರಿಂಥ 11:23–26) ಹಲವು ಸಭೆಗಳಲ್ಲಿ ಅಭಿಷಿಕ್ತರು, ಅಂದರೆ ದೀಕ್ಷೆ ಪಡೆದ ಪಾಲಕರು ಮಾತ್ರ ಹೇಳುತ್ತಾರೆ. ಅವನ್ನು ಯುವಜನರಿಗೆ ಹಂಚಿಕೊಟ್ಟು, ಹಿಂದಿನ ದಿನ ಅದನ್ನು ರದ್ದುಮಾಡಬೇಕಾಗಿ ಬಂದರೆ ಎಲ್ಲರಿಗೂ ಬೇಸರ.

ಹಂಚುವ ಮುಂಚಿನ ಸೂಚನೆ

ಇದನ್ನು ಬರೆದಿಟ್ಟುಕೊಂಡೇ ಓದಿ. ಆಶುವಾಗಿ ಹೇಳಹೊರಟರೆ ಆರು ವಾಕ್ಯದ ಸೂಚನೆ ಎರಡನೇ ಪ್ರಸಂಗವಾಗುತ್ತದೆ. ಮಾದರಿ ಹೀಗಿರಲಿ: “ನಡುವಿನ ದಾರಿಯಿಂದ ಬನ್ನಿ, ಪಕ್ಕದ ದಾರಿಯಿಂದ ಹಿಂದಿರುಗಿ. ಎಡ ಅಂಗೈಯನ್ನು ಬಲ ಅಂಗೈಯ ಮೇಲಿಟ್ಟು ಚಾಚಿ. ರೊಟ್ಟಿಯನ್ನು ಅಲ್ಲೇ ತಿಂದು, ದ್ರಾಕ್ಷಾರಸದ ಪಾತ್ರೆಯ ಕಡೆಗೆ ಸಾಗಿ. ಆಶೀರ್ವಾದ ಮಾತ್ರ ಬೇಕಿದ್ದವರು ಎದೆಯ ಮೇಲೆ ಕೈ ಕಟ್ಟಿ ಬನ್ನಿ. ಕುಳಿತಲ್ಲೇ ಪ್ರಾರ್ಥಿಸಬಯಸುವವರು ಕುಳಿತಿರಿ. ಯಾರೂ ನಿಮ್ಮನ್ನು ಏಕೆಂದು ಕೇಳುವುದಿಲ್ಲ.” ಕೊನೆಯ ವಾಕ್ಯವನ್ನು ಬಿಡಬೇಡಿ. ನಿರಾಕರಿಸುವ ದಾರಿ ಸಲೀಸಾಗಿದ್ದರೇ ಕರೆ ನಿಜವಾದ ಕರೆಯಾಗುತ್ತದೆ. ಯಾರಿಗೆ ಅವಕಾಶ ಎಂಬ ನಿಯಮವಿದ್ದರೆ ಅದನ್ನೂ ಇಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಡಿ. ಪಾತ್ರೆಯ ಮುಂದೆ ಬಂದು ನಿಂತವರನ್ನು ತಡೆಯುವಂತಾಗಬಾರದು.

ಮೊದಲ ಸಾಲಿನಲ್ಲಿ ಕ್ರಮ ಬಲ್ಲವರು ಕೂರಲಿ. ಉಳಿದವರು ಅವರನ್ನು ನೋಡಿ ಕಲಿಯುತ್ತಾರೆ.

ಲೆಕ್ಕಾಚಾರ

ಒಬ್ಬರು ರೊಟ್ಟಿ ಕೊಡುತ್ತ, ಅವರ ಎರಡು ಪಕ್ಕದಲ್ಲಿ ಇಬ್ಬರು ಪಾತ್ರೆ ಹಿಡಿದರೆ ನಿಮಿಷಕ್ಕೆ ಸುಮಾರು ಹತ್ತು ಮಂದಿ ಎಂದು ಲೆಕ್ಕ ಹಿಡಿಯಿರಿ. 120 ಜನಕ್ಕೆ ಹನ್ನೆರಡು ನಿಮಿಷ. ಎರಡು ಕಡೆ ಹಂಚಿದರೆ ಆರು. ರೊಟ್ಟಿಗೆ ಒಬ್ಬರೇ, ಪಾತ್ರೆಗೂ ಒಬ್ಬರೇ ಆದರೆ ಸಾಲು ಪಾತ್ರೆಯ ಬಳಿ ಕಟ್ಟಿಕೊಳ್ಳುತ್ತದೆ, ಏಕೆಂದರೆ ಕುಡಿಸಿ, ಒರೆಸಿ, ತಿರುಗಿಸಲು ಹೆಚ್ಚು ಹೊತ್ತು ಬೇಕು.

ಒಬ್ಬರಿಗೆ ಮೂರು ಗ್ರಾಂನಂತೆ ನೂರು ಜನಕ್ಕೆ 300 ಗ್ರಾಂ ರೊಟ್ಟಿ ಸಾಕು. 400 ಗ್ರಾಂ ಇದ್ದರೆ ನೆಮ್ಮದಿ. ಒಂದೇ ಪಾತ್ರೆಯಿಂದ ಗುಟುಕರಿಸುವುದಾದರೆ ತಲಾ ಏಳೆಂಟು ಮಿಲಿಲೀಟರ್, ಅಂದರೆ 750 ಮಿ.ಲೀ. ಬಾಟಲಿ ನೂರು ಜನಕ್ಕೆ ಹತ್ತಿರಹತ್ತಿರ ಬರುತ್ತದೆ. ಸಣ್ಣ ಬಟ್ಟಲುಗಳಿಗೆ ತಲಾ 12 ಮಿ.ಲೀ. ಸುರಿದರೆ ಅದೇ ಬಾಟಲಿ ಅರವತ್ತು ಜನಕ್ಕೆ ಮುಗಿಯುತ್ತದೆ. ಬಟ್ಟಲನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಬೇಡಿ: ನಡುಗುವ ಕೈಯವರೂ ಅದನ್ನು ಎತ್ತಬೇಕು.

ರೊಟ್ಟಿ ಮುರಿಯುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ, ಎಡವಟ್ಟಾಗುವುದು ಇಲ್ಲೇ. ದಪ್ಪ ಸಿಪ್ಪೆಯ ರೊಟ್ಟಿ ಎರಡು ಕೈಯಲ್ಲಿ ಎಳೆದರೂ ಹರಿಯದೆ, ಕೊನೆಗೆ ಫಟ್ಟನೆ ಬಿರಿದು ಪುಡಿ ಚೆಲ್ಲುತ್ತದೆ. ಆರಾಧನೆಗೆ ಮುಂಚೆ ರೊಟ್ಟಿಯನ್ನು ಮಗುಚಿ, ತಳದಲ್ಲಿ ಚಾಕುವಿನಿಂದ ಅರ್ಧ ಆಳದವರೆಗೆ ಒಂದು ಗೀರು ಎಳೆದಿಡಿ. ಮೇಲಿಂದ ನೋಡಿದವರಿಗೆ ಇಡೀ ರೊಟ್ಟಿ. ಹೆಬ್ಬೆರಳು ಒತ್ತಿದರೆ ಗೀರಿನಗುಂಟ ಸರಾಗವಾಗಿ ಎರಡಾಗುತ್ತದೆ. ಮುರಿಯುವಾಗ ಮಾತೂ ಬೇಡ, ಹಾಡೂ ಬೇಡ. ಆ ಸದ್ದು ಕೇಳಿಸಲಿ. ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವುದಾದರೆ ಮೆತ್ತನೆಯದು ಬೇಡ, ಅದು ಪಾತ್ರೆಯೊಳಗೇ ಕಳಚಿ ಬೀಳುತ್ತದೆ. ಅದ್ದುವುದು ಕುಡಿಯುವುದಕ್ಕಿಂತ ಶುಚಿ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಎಷ್ಟೋ ಬೆರಳುಗಳು ರಸಕ್ಕೆ ತಾಗುತ್ತವೆ. ಕುಡಿಸುವಾಗ ಪ್ರತಿ ಸಲವೂ ಬಟ್ಟೆಯ ಹೊಸ ಭಾಗದಿಂದ ಅಂಚನ್ನು ಒಳಹೊರಗೆ ಒರೆಸಿ, ಪಾತ್ರೆಯನ್ನು ಕಾಲು ಸುತ್ತು ತಿರುಗಿಸಬೇಕು.

ಗ್ಲುಟೆನ್ (ಗೋಧಿಯಲ್ಲಿರುವ ಒಂದು ಪ್ರೋಟೀನ್) ಆಗದವರ ರೊಟ್ಟಿಗೆ ಬೇರೆ ತಟ್ಟೆ, ಮುಚ್ಚಳ, ಕೊಡಲು ಬೇರೆ ಕೈ ಬೇಕು. ಗೋಧಿಯ ಒಂದು ಚೂರು ಬಿದ್ದರೂ ಕೆಲವರಿಗೆ ತೊಂದರೆ. ಎಲ್ಲರೂ ಅದ್ದಿದ ಪಾತ್ರೆಯೂ ಅವರಿಗೆ ಆಗದು, ಒಂದು ಸಣ್ಣ ಪಾತ್ರೆಯನ್ನು ಪ್ರತ್ಯೇಕ ಇಡಿ. ಕಥೋಲಿಕ ಸಭೆಯಲ್ಲಿ ಗ್ಲುಟೆನ್ ಪೂರ್ತಿ ಇಲ್ಲದ ರೊಟ್ಟಿಗೆ ಅನುಮತಿಯಿಲ್ಲ, ಅತಿ ಕಡಿಮೆ ಇರುವುದಕ್ಕೆ ಇದೆ. ಮದ್ಯದ ಚಟದಿಂದ ಹೊರಬಂದವರಿರುತ್ತಾರೆ. ನಿಮ್ಮ ಸಭೆ ಒಪ್ಪಿದರೆ ಹುದುಗದ ರಸ ಯಾವ ಬದಿಯ ಪಾತ್ರೆಯಲ್ಲಿದೆ ಎಂದು ಎಲ್ಲರಿಗೂ ಸೇರಿಸಿಯೇ ಹೇಳಿ. ಅವರು ಕೈ ಎತ್ತಿ ಕೇಳುವಂತಾಗಬಾರದು.

ಗಾಲಿಕುರ್ಚಿಯವರಿಗೆ, ಎದ್ದು ಬರಲಾಗದವರಿಗೆ ಎಲ್ಲರದೂ ಮುಗಿದ ಮೇಲೆ ಕೊಡುವುದು ರೂಢಿ. ಅವರ ಸಾಲು ಎದ್ದಾಗಲೇ ಅವರ ಬಳಿಗೂ ಒಯ್ಯಿರಿ. ಕೊಡುವವರು ಬಗ್ಗಿ, ಕಣ್ಣಿಗೆ ಕಣ್ಣು ಕೊಟ್ಟು ಮಾತು ಹೇಳಲಿ.

ಹೊಸತನ ಎಲ್ಲಿ?

ಒಂದು ಆರಾಧನೆಗೆ ಒಂದೇ ಹೊಸತು ಸಾಕು. ರೊಟ್ಟಿಯನ್ನು ತೆಗೆದುಕೊಳ್ಳುವುದು, ಸ್ತೋತ್ರ ಮಾಡುವುದು, ಮುರಿಯುವುದು, ಕೊಡುವುದು ಈ ನಾಲ್ಕು ಕ್ರಿಯೆಗಳು ಎಲ್ಲರಿಗೂ ಕಾಣಬೇಕು. ಇವನ್ನು ಮರೆಮಾಡುವ ಹೊಸತು, ಅದು ಪರದೆಯ ಮೇಲಿನ ಚಿತ್ರವಿರಲಿ, ಮೇಜಿನ ಮೇಲಿನ ಹೂರಾಶಿಯಿರಲಿ, ಬೇಡ.

ಚೆನ್ನಾಗಿ ಕೂಡಿಬರುವ ಒಂದು ಉಪಾಯ ಲೂಕ 24ರ ಎಮ್ಮಾಹು ಊರಿನ ದಾರಿಯ ಕಥೆ. ಸುವಾರ್ತೆಯ ಹೊತ್ತಿನಲ್ಲಿ 13ರಿಂದ 29ನೇ ವಚನದವರೆಗೆ ಓದಿ ನಿಲ್ಲಿಸಿಬಿಡಿ. ಶಿಷ್ಯರು ದಾರಿಯಲ್ಲಿ ಜೊತೆಯಾದ ಅಪರಿಚಿತನನ್ನು, ಅವನು ಮತ್ತೆ ಎದ್ದುಬಂದ ಯೇಸುವೆಂದು ಅರಿಯದೆ, ನಮ್ಮ ಸಂಗಡ ಇರು ಎಂದು ಒತ್ತಾಯಿಸಿದ್ದಾರೆ, ಅವನು ಒಳಗೆ ಬಂದಿದ್ದಾನೆ, ಅಷ್ಟೇ. ಸ್ತೋತ್ರ ಪ್ರಾರ್ಥನೆ ಮುಗಿದು ರೊಟ್ಟಿ ಮುರಿಯುವುದಕ್ಕೆ ಮುಂಚೆ, ಜನರ ನಡುವಿನಿಂದ ಇನ್ನೊಂದು ದನಿ 30, 31ನ್ನು, ಅಂದರೆ ಅವನು ರೊಟ್ಟಿ ಮುರಿದಾಗ ಅವರು ಗುರುತಿಸಿದ್ದನ್ನು, ಓದಲಿ. ಆಮೇಲೆ ಮೌನದಲ್ಲಿ ಮುರಿಯುವುದು. 33ರಿಂದ 35ನ್ನು, ಅಂದರೆ ಅವರು ಆಗಲೇ ಎದ್ದು ಯೆರೂಸಲೇಮಿಗೆ ಮರಳಿದ್ದನ್ನು, ಕೊನೆಯ ಆಶೀರ್ವಾದಕ್ಕೆ ಉಳಿಸಿಕೊಳ್ಳಿ. ಓದುವವರಿಗೆ ಎಲ್ಲಿ ನಿಲ್ಲಿಸಬೇಕೆಂದು ಪುಟದಲ್ಲೇ ಗುರುತು ಹಾಕಿಕೊಡಿ. ಅಭ್ಯಾಸ ಬಲದಿಂದ ಪೂರ್ತಿ ಓದಿಬಿಡುತ್ತಾರೆ.

ಮೇಜನ್ನು ನಡುವೆ ತಂದು ಸುತ್ತ ಕೂರಿಸುವುದು ಅರವತ್ತು ಜನದವರೆಗೆ ಚೆಂದ. ಅದರಾಚೆ ಹಿಂದಿನವರಿಗೆ ಬರೀ ಬೆನ್ನುಗಳು. ಹಂಚುವಾಗ ಪುಸ್ತಕ ಬೇಡದ, ಎರಡು ಸಾಲಿನ ಮರುಪಲ್ಲವಿ ಹಾಡಿಸಿ. ನಡೆಯುವವರ ಕೈ ಖಾಲಿ ಇರಬೇಕಲ್ಲ.

ಹಂಚುವವರನ್ನು ಹಿಂದಿನ ದಿನ ಅರ್ಧ ಗಂಟೆ ಕರೆದು, ನೀರು ತುಂಬಿದ ಪಾತ್ರೆ ಹಿಡಿಸಿ ಒಮ್ಮೆ ನಡೆಸಿ. ರಸ ಚೆಲ್ಲಿದರೆ ಗಾಬರಿಯಾಗದೆ ಬಿಳಿ ಬಟ್ಟೆ ಹಾಸಿ, ಸಾಲನ್ನು ಪಕ್ಕಕ್ಕೆ ತಿರುಗಿಸಿ ಹಂಚುವುದನ್ನು ಮುಂದುವರಿಸಲು ಹೇಳಿಕೊಡಿ. ಉಳಿದ ರೊಟ್ಟಿ, ರಸವನ್ನು ಯಾರು, ಎಲ್ಲಿ, ಹೇಗೆ ಮುಗಿಸಬೇಕು ಅಥವಾ ಕಾದಿಡಬೇಕು ಎಂಬುದಕ್ಕೆ ಸಭೆಯ ಕ್ರಮ ನೋಡಿ, ಇಬ್ಬರ ಹೆಸರು ಬರೆದಿಡಿ. ಬಾಗಿಲಲ್ಲಿ ಜನ ಮಾತಾಡುತ್ತ ನಿಂತಿರುವಾಗ ಮೇಜಿನ ಮೇಲೆ ಅರ್ಧ ರೊಟ್ಟಿ ಹಾಗೇ ಬಿದ್ದಿರುವುದನ್ನು ಹೊಸಬರೂ ನೋಡುತ್ತಾರೆ.