ಚಿಕ್ಕಪ್ಪನ ಪೆಟ್ಟಿಗೆಯ ಚಿತ್ರಕಥೆಗಳನ್ನು ಅಂಟಿಸಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ನಮ್ಮ ಹಳೇ ಮನೆಯ ಹಂಚು ಬದಲಿಸುವಾಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಚಿಕ್ಕಪ್ಪನದು. ಅವರು ಬೊಂಬಾಯಿಯ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಊರಿಗೆ ಬರುವಾಗಲೆಲ್ಲ ಫ್ಲೋರಾ ಫೌಂಟನ್ ಹತ್ತಿರ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರಿಂದ ನಮಗಾಗಿ ಚಿತ್ರಕಥೆ ತರುತ್ತಿದ್ದರು. ಪೆಟ್ಟಿಗೆ ತೆರೆದಾಗ ಬೂಸ್ಟಿನ ವಾಸನೆ ಮೂಗಿಗೆ ಬಡಿಯಿತು. ಒಟ್ಟು 23 ಪುಸ್ತಕಗಳು.

ಅದರಲ್ಲಿ 21 ಅಮೆರಿಕದ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್’ ಮಾಲೆಯವು. ಈ ಮಾಲೆ ಶುರುವಾದದ್ದು 1953ರಲ್ಲಿ. ಅದರ ಅಂಕೆ 1ರಿಂದಲ್ಲ, 501ರಿಂದ ಶುರು. 501 ಸ್ನೋವೈಟ್, 502 ಕುರೂಪಿ ಬಾತುಮರಿ, 504 ಇಲಿಗಳನ್ನು ಮರುಳುಮಾಡಿ ಒಯ್ದ ಪೀಪಿಯವನ ಕಥೆ. ಮುಖ್ಯ ಕಥೆ ಮುಗಿದ ಮೇಲೆ ಈಸೋಪನ ಒಂದು ನೀತಿಕಥೆ, ಒಂದು ಶಿಶುಗೀತೆ, ಒಂದು ಪ್ರಾಣಿಯ ವಿಚಾರ, ಬಣ್ಣ ಹಚ್ಚಲು ಒಂದು ಪುಟ. ರಂಪೆಲ್‌ಸ್ಟಿಲ್ಟ್‌ಸ್ಕಿನ್ ಕಥೆಯ ನಮ್ಮ 512ರಲ್ಲಿ ಬಣ್ಣದ ಪುಟ ನನ್ನ ಅಕ್ಕನ ಕೈಯದು. ಅದನ್ನು ನೋಡಿದ ಕೂಡಲೇ ಈ ಪುಸ್ತಕಗಳನ್ನು ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿದೆ.

ಉಳಿದ ಎರಡು ಕನ್ನಡದ ಅಮರ ಚಿತ್ರಕಥೆಗಳು. 1965ರಲ್ಲಿ ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ. ಆಗಿನ ಕಥೆಗಳು ರಾಮಾಯಣ, ಮಹಾಭಾರತದವಲ್ಲ. ಸಿಂಡರೆಲಾ, ಅಲ್ಲಾದೀನ್, ಸ್ನೋವೈಟ್ ಥರದ ಹತ್ತು ಪರದೇಶದ ಕಥೆಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಇಂಗ್ಲಿಷ್ ಮಾಲೆ ‘ಕೃಷ್ಣ’ದಿಂದ ಶುರುವಾಗುವಾಗ ಅದಕ್ಕೆ 11ನೇ ಅಂಕೆ ಬಿದ್ದದ್ದು ಅದಕ್ಕೇ.

ಎಲ್ಲವನ್ನೂ ಚಾವಡಿಯಲ್ಲಿ ಹರವಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಂಗ್ಲಿಷ್ ಪುಸ್ತಕಗಳು ಬೂಸ್ಟು ಹಿಡಿದಿದ್ದರೂ ಮೈಯಲ್ಲಿ ಗಟ್ಟಿಯಾಗಿದ್ದವು. ಕನ್ನಡದ ಎರಡೂ ಚಿಂದಿ. ರಕ್ಷಾಪುಟ ಇಲ್ಲ, ಮೂಲೆಗಳು ಸವೆದು ದುಂಡಗಾಗಿವೆ, ನಡುವಿನ ಹಾಳೆ ಕಳಚಿದೆ. ಯಾಕೆಂದರೆ ಮನೆಯಲ್ಲಿ ಎಲ್ಲರಿಗೂ ಓದಲು ಬರುತ್ತಿದ್ದದ್ದು ಆ ಎರಡೇ. ಅಜ್ಜಿಯೂ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಇಂಗ್ಲಿಷಿನವನ್ನು ನಾವು ಚಿತ್ರ ನೋಡಿ ಮಡಚಿ ಇಡುತ್ತಿದ್ದೆವು. ಹಾಗಾಗಿ ನಾನು ಮಾಡಬೇಕಾದ ಕೆಲಸ ಎರಡು ಎಂದು ಗೊತ್ತಾಯಿತು: ಹರಿದದ್ದನ್ನು ಅಂಟಿಸುವುದು, ಹರಿಯದೇ ಉಳಿದದ್ದನ್ನು ಓದಿಸುವುದು.

ಮೊದಲು ಮಾಡಿದ ತಪ್ಪನ್ನು ಹೇಳುತ್ತೇನೆ. 501ರ ರಕ್ಷಾಪುಟವನ್ನು ಪೇಟೆಯ ಒಂದು ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಕಚ್ಚಿಕೊಂಡಿತು. ಒಳಗಿದ್ದ ತೇವ ಒಳಗೇ ಉಳಿದು ಸ್ನೋವೈಟಿನ ಮುಖದ ಮೇಲೆ ಕಂದು ಚುಕ್ಕೆ ಎದ್ದಿದೆ. ಇನ್ನು ಅದನ್ನು ಬಿಡಿಸಲು ಆಗುವುದಿಲ್ಲ. ಅಂದಿನಿಂದ ನನಗೆ ಒಂದೇ ನಿಯಮ. ಮುಂದೆ ಬಿಡಿಸಲು ಬರುವಂಥದ್ದನ್ನು ಮಾತ್ರ ಹಚ್ಚುವುದು.

ಕೆಲಸಕ್ಕೆ ನಮ್ಮ ಊರಿನ ಮಳೆಗಾಲ ಸಲ್ಲದು. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಅಂಟು ಒಣಗುವುದಿಲ್ಲ. ಡಿಸೆಂಬರ್ ಬರುವವರೆಗೆ ಕಾದೆ. ಪುಸ್ತಕಗಳನ್ನು ಅರೆತೆರೆದು ಚಾವಡಿಯ ನೆರಳಿನಲ್ಲಿ ನಿಲ್ಲಿಸಿದೆ. ಬಿಸಿಲಿಗೆ ಇಡಬಾರದು. ಇದು ಅಗ್ಗದ ಕಾಗದ, ಮರದ ಅಂಶ ಜಾಸ್ತಿ, ಬಿಸಿಲು ಕಂಡರೆ ಬೇಗ ಹಳದಿಯಾಗಿ ಮುರುಕಾಗುತ್ತದೆ. ಬೂಸ್ಟು ಒಣಗಿ ಪುಡಿಯಾದ ಮೇಲೆ ಬಾಯಿಗೆ ಮಾಸ್ಕ್ ಕಟ್ಟಿ, ಅಂಗಳಕ್ಕೆ ಒಯ್ದು, ಮೆತ್ತಗಿನ ಪೇಂಟ್ ಬ್ರಶ್ಶಿನಿಂದ ಒಂದೊಂದೇ ಪುಟ ಗುಡಿಸಿದೆ. ಒದ್ದೆ ಬಟ್ಟೆ ಮುಟ್ಟಿಸಲೇ ಇಲ್ಲ.

ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳ ಆರೇಳು ಪುಸ್ತಕದಲ್ಲಿತ್ತು. ಅವನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಎರಡು ವಾರ ಫ್ರೀಜರಿನಲ್ಲಿಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಲಿಲ್ಲ. ತಂಪು ಇಳಿಯುವ ಮೊದಲೇ ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ.

ತುಕ್ಕು ಹಿಡಿದ ಸ್ಟೇಪಲ್ ಪಿನ್ನು ತೆಗೆಯುವಾಗ ಎಳೆಯಬಾರದು. ಪುಸ್ತಕದ ನಡುಪುಟ ತೆರೆದು, ಪಿನ್ನಿನ ಕಾಲುಗಳನ್ನು ಸಪೂರ ಚೂರಿಯ ತುದಿಯಿಂದ ನೆಟ್ಟಗೆ ಮಾಡಿ, ಆಮೇಲೆ ಹಿಂದಿನಿಂದ ಎತ್ತಬೇಕು. ಕೊನೆಗೆ ಅದೇ ಎರಡು ತೂತಿನಲ್ಲಿ ಹತ್ತಿಯ ಬಿಳಿ ನೂಲು ಹಾಯಿಸಿ ಒಳಗೆ ಗಂಟು ಹಾಕಿದೆ. ನೂಲು ತುಕ್ಕು ಹಿಡಿಯುವುದಿಲ್ಲ, ಬೇಕಾದರೆ ಕತ್ತರಿಸಿ ತೆಗೆಯಬಹುದು.

ಅತಿ ಹೆಚ್ಚು ಹೊತ್ತು ಹಿಡಿದದ್ದು ಸೆಲೋಟೇಪು. ನಾವೇ ಚಿಕ್ಕವರಿದ್ದಾಗ ಅಂಟಿಸಿದ್ದು. ಅದರ ಗೋಂದು ಕಾಗದದೊಳಗೆ ಇಳಿದು ಜೇನಿನ ಬಣ್ಣದ ಪಟ್ಟಿಯಾಗಿತ್ತು. ಮಗಳ ಹೇರ್ ಡ್ರೈಯರನ್ನು ಕಮ್ಮಿ ಬಿಸಿಯಲ್ಲಿಟ್ಟು ಗಾಳಿ ಹಿಡಿದರೆ ಟೇಪು ಮೆಲ್ಲಗೆ ಏಳುತ್ತದೆ. ಕಲೆ ಮಾತ್ರ ಹೋಗಲಿಲ್ಲ. ಅದನ್ನು ಅಳಿಸಲು ಹೋಗಿ ಚಿತ್ರವನ್ನೇ ಕಳೆದುಕೊಳ್ಳುವುದಕ್ಕಿಂತ ಕಲೆಯೇ ಇರಲಿ ಎಂದು ಬಿಟ್ಟೆ.

ಅಂಟಿಗೆ ಮೈದಾ. ಒಂದು ಪಾಲು ಮೈದಾಕ್ಕೆ ಐದಾರು ಪಾಲು ನೀರು ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಪಾರದರ್ಶಕವಾದ ಮೇಲೆ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ಹಿಂದೆ ಬೈಂಡಿಂಗಿನವರು ಹುಳ ಬಾರದಿರಲಿ ಎಂದು ಇದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು. ನಮ್ಮ ಅಡಕೆ ತೋಟದವರ ಮನೆಯಲ್ಲಿ ಅದಕ್ಕೇನು ಕೊರತೆ? ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವುದು ಅದನ್ನೇ ಅಲ್ವಾ. ಆದರೆ ನಾನು ಹಾಕಲಿಲ್ಲ. ಅದರಲ್ಲಿರುವ ತಾಮ್ರ ವರ್ಷ ಕಳೆದಂತೆ ಕಾಗದವನ್ನೇ ಸುಡುತ್ತದೆ. ಮೇಲಾಗಿ ಅದು ವಿಷ, ಮಕ್ಕಳು ಬೆರಳು ನೆಕ್ಕಿ ಪುಟ ತಿರುಗಿಸುತ್ತಾರೆ. ಬೇಕಾದಷ್ಟೇ ಅಂಟು ಕಾಯಿಸಿ, ಉಳಿದದ್ದನ್ನು ಚೆಲ್ಲಿದರಾಯಿತು.

ಹರಿದ ಜಾಗಕ್ಕೆ ತೆಳುವಾದ ಜಪಾನಿ ಟಿಶ್ಯೂ ಕಾಗದ ತರಿಸಿದೆ. ಅದನ್ನು ಕತ್ತರಿಯಿಂದ ಕತ್ತರಿಸಬಾರದು. ಒದ್ದೆ ಬ್ರಶ್ಶಿನಿಂದ ಗೆರೆ ಎಳೆದು ಕೈಯಲ್ಲಿ ಹರಿಯಬೇಕು. ಆಗ ಅಂಚಿನಲ್ಲಿ ಎಳೆಗಳು ಹೊರಬರುತ್ತವೆ, ಅವೇ ಹಳೇ ಕಾಗದವನ್ನು ಹಿಡಿದುಕೊಳ್ಳುವುದು. ಅಂಟು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಮೊದಲ ಪುಟಕ್ಕೆ ದಪ್ಪ ಬಳಿದೆ, ಹಪ್ಪಳದ ಹಾಗೆ ಸೊಟ್ಟಗಾಯಿತು. ಈಗ ಅಂಟಿಸಿದ ಕೂಡಲೇ ಮೇಲೂ ಕೆಳಗೂ ಬಟರ್ ಪೇಪರ್ ಇಟ್ಟು, ಹಲಗೆ ಮುಚ್ಚಿ, ಅರೆಯುವ ಕಲ್ಲಿನ ಗುಂಡು ಹೇರಿ ರಾತ್ರಿಯಿಡೀ ಬಿಡುತ್ತೇನೆ. ಕನ್ನಡದ ಸಿಂಡರೆಲಾ ಒಂದಕ್ಕೇ 19 ಕಡೆ ತೇಪೆ ಬಿತ್ತು. ಕಳೆದುಹೋದ ತುಂಡುಗಳಲ್ಲಿ ಚಿತ್ರ ಬರೆಯಲು ಹೋಗಲಿಲ್ಲ. ಬರೀ ಬಿಳಿ ಜಾಗ ಬಿಟ್ಟಿದ್ದೇನೆ.

ಇನ್ನು ಎರಡನೇ ಕೆಲಸ. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಈಗಲೂ ಆದಿತ್ಯವಾರ ನೆರೆಕರೆಯ ಮಕ್ಕಳು ಬರುತ್ತಾರೆ. ಮನೆಯಲ್ಲಿ ಅವರದು ತುಳು, ಮಲಯಾಳ, ಹವ್ಯಕ, ಮರಾಠಿ. ಪುಸ್ತಕದಲ್ಲಿ ಇಂಗ್ಲಿಷ್. ಪುಟದ ಮೇಲೆ ಬರೆಯಲು ನನಗೆ ಮನಸ್ಸಿಲ್ಲ. ಅದಕ್ಕೆ ಪುಟದ ಅಳತೆಗೆ ಟ್ರೇಸಿಂಗ್ ಪೇಪರ್ ಕತ್ತರಿಸಿ, ಮಾತಿನ ಗುಳ್ಳೆ ಎಲ್ಲೆಲ್ಲಿ ಬರುತ್ತದೋ ಅಲ್ಲಲ್ಲಿ ಬಿಳಿ ಕಾಗದದ ತುಂಡು ಅಂಟಿಸಿ, ಅದರಲ್ಲಿ ಕನ್ನಡ ಬರೆದೆ. ಬರೆಯುವುದು ಬೇರೆ ಮೇಜಿನಲ್ಲಿ. ಪುಟದ ಮೇಲಿಟ್ಟು ಬರೆದರೆ ಪೆನ್ಸಿಲಿನ ಗುರುತು ಕೆಳಗೆ ಒತ್ತುತ್ತದೆ. ಓದುವಾಗ ಹಾಳೆಯನ್ನು ಸುಮ್ನೆ ಪುಟದ ಮೇಲೆ ಇಟ್ಟರೆ ಸಾಕು.

ಕನ್ನಡಿಸುವ ಕೆಲಸಕ್ಕೆ ಮಕ್ಕಳೇ ಕೂತರು. 504ರಲ್ಲಿ ನಾನು ‘ಇಲಿ’ ಎಂದು ಬರೆದಾಗ ಒಬ್ಬ ಹುಡುಗ, “ಟೀಚರ್, ಎಲಿ ಅಲ್ವಾ?” ಎಂದ. ತುಳುವಿನಲ್ಲೂ ಎಲಿ, ಮಲಯಾಳದಲ್ಲೂ ಎಲಿ. ಊರಿನ ಜನ ಕಿರುಚುವ ಗುಳ್ಳೆಯಲ್ಲಿ ‘ಎಲಿ! ಎಲಿ!’ ಎಂದೇ ಇಟ್ಟೆವು. 512ರ ಹುಡುಗಿ ಬೈಹುಲ್ಲನ್ನು ಚಿನ್ನದ ನೂಲು ಮಾಡಬೇಕು. ಚರಕವನ್ನು ಮಕ್ಕಳು ಕಂಡಿರಲಿಲ್ಲ. ಆದರೆ ಒಬ್ಬಳ ಅಜ್ಜಿ ಕಾಸರಗೋಡು ಸೀರೆ ನೇಯುತ್ತಿದ್ದವರು, ನೂಲಿನ ಉಂಡೆ ಸುತ್ತುವುದನ್ನು ಅವಳೇ ಕೈಯಲ್ಲಿ ಮಾಡಿ ತೋರಿಸಿದಳು. ಈಸೋಪನ ಪುಟಗಳಿಗೆ ನನ್ನ ಸಹಾಯ ಬೇಕಾಗಲಿಲ್ಲ. ಅವನ ಕತ್ತೆ ಸಿಂಹದ ಚರ್ಮ ಹೊದೆಯುತ್ತದೆ, ನಮ್ಮ ಪಂಚತಂತ್ರದ ಕತ್ತೆ ಹುಲಿಯ ಚರ್ಮ ಹೊದೆಯುತ್ತದೆ ಎಂದು ಹೇಳಿದ್ದೇ ತಡ, ಯಾವ ಕತ್ತೆಗೆ ಬುದ್ಧಿ ಜಾಸ್ತಿ ಎಂದು ಜಗಳ ಶುರುವಾಯಿತು.

ಇಡುವುದು ರಟ್ಟಿನ ಪೆಟ್ಟಿಗೆಯಲ್ಲಿ, ಮಲಗಿಸಿ. ನ್ಯೂಸ್‌ಪೇಪರಿನಲ್ಲಿ ಸುತ್ತುವುದಿಲ್ಲ, ಅದರ ಆಮ್ಲ ಪುಸ್ತಕಕ್ಕೂ ಹತ್ತುತ್ತದೆ. ಮಳೆಗಾಲದಲ್ಲಿ ಮಾತ್ರ ಗಟ್ಟಿ ಮುಚ್ಚಳದ ಡಬ್ಬಿಗೆ ಬದಲಿಸಿ ನೀಲಿ ಸಿಲಿಕಾ ಜೆಲ್ ಹಾಕುತ್ತೇನೆ. ತೇವ ಕುಡಿದು ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕುವುದು.

ಈ ವರ್ಷ 504ರ ನಡುಹಾಳೆ ಸಡಿಲವಾಗಿದೆ, ಕೊನೆಯ ಪುಟದ ಮೂಲೆಯೂ ಹರಿದಿದೆ. ಅರುವತ್ತು ವರ್ಷ ಗಟ್ಟಿಯಾಗಿದ್ದ ಪುಸ್ತಕ ಅದು. ಶನಿವಾರ ರಾತ್ರಿ ಮೈದಾ ಕಾಯಿಸಬೇಕು, ಮರುದಿನ ಮಕ್ಕಳು ಬರುವಷ್ಟರಲ್ಲಿ ಒಣಗಬೇಕು.