ಘಟ್ಟದ ಮಳೆಯಲ್ಲಿ ಬೈಕ್ ಓಡಿಸುವವರಿಗೆ

ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಕಡೆ ಬೈಕ್‌ನಲ್ಲಿ ಓಡಾಡುವವರು ರೈನ್‌ಕೋಟ್ ಕೊಳ್ಳುವಾಗ ಅದನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆಯ ಉದ್ದಕ್ಕೂ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಬಟ್ಟೆ ಎಷ್ಟೇ ದಪ್ಪ ಇದ್ದರೂ ಸೂಜಿ ತೂತಿನಿಂದ ನೀರು ಒಳಗೆ ಬರುತ್ತದೆ. ಪ್ಯಾಂಟಿನಲ್ಲಿ ಸೀಟಿಗೆ ತಾಗುವ ಜಾಗ ಸೋರುವುದೇ ಜಾಸ್ತಿ, ಅಲ್ಲಿ ಬೆರಳಾಡಿಸಿ ನೋಡಿ. ಪ್ಯಾಂಟಿನ ತುದಿ ಶೂ ಹೊರಗೆ ಇರಲಿ. ಒಳಗೆ ತುರುಕಿದರೆ ನೀರೆಲ್ಲ ಇಳಿದು ಸಾಕ್ಸ್ ಸೇರುತ್ತದೆ. ಸಡಿಲವಾದ ಉದ್ದ ಕೋಟು ಮಾತ್ರ ಬೇಡ, ಗಾಳಿಗೆ ಹಾರಿ ಚೈನಿಗೆ ಸಿಕ್ಕಿಕೊಳ್ಳಬಹುದು.

ಹೆಲ್ಮೆಟ್ ಗಾಜಿನ ಒಳಗೆ ಮಂಜು ಕಟ್ಟುತ್ತಾ? ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಸವರಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿಬಿಡಿ.

ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಸೇರಿ ತುಂಬಾ ಜಾರುತ್ತದೆ. ರಸ್ತೆಯ ಬಿಳಿ ಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ ಬ್ರೇಕ್ ಒತ್ತಬೇಡಿ.

ಇನ್ನೊಂದು, ಕೈ ಮುಗಿದು ಕೇಳ್ತೀನಿ: ಹಿಂದೆ ಕೂತವರು ಕೊಡೆ ಬಿಚ್ಚಬಾರದು. ಗಾಳಿ ಕೊಡೆಯನ್ನು ಎಳೆದರೆ ಅವರೂ ಅದರ ಜೊತೆಗೇ ಬೀಳುತ್ತಾರೆ. ಹಿಂದೆ ಕೂರುವ ಅಮ್ಮನಿಗೂ ಒಂದು ರೈನ್‌ಕೋಟ್ ಕೊಡಿಸಿ.